ಕಲಶ, ಕಿರೀಟ, ಹೊನ್ನು: ಯಂತ್ರಗಳ ಜೀರ್ಣೋದ್ಧಾರ ಕುರಿತ ಒಂದು ವಿಮರ್ಶೆ

ಜೀರ್ಣೋದ್ಧಾರವೆಂಬ ಮಾತು ನಮ್ಮ ಸಮಾಜಕ್ಕೆ ಹೊಸದಲ್ಲ. ಬಸದಿಯ ಗೋಡೆ ಬಿರುಕು ಬಿಟ್ಟರೆ, ಮೇಲ್ಛಾವಣಿಯಲ್ಲಿ ನೀರು ಜಿನುಗಿದರೆ, ಅದನ್ನು ಕೆಡವಿ ಹೊಸದನ್ನು ಕಟ್ಟುವುದಕ್ಕಿಂತ ಇದ್ದುದನ್ನು ನಿಲ್ಲಿಸಿಕೊಳ್ಳುವುದೇ ಹಿರಿದಾದ ಪುಣ್ಯಕಾರ್ಯವೆಂದು ನಮ್ಮ ಹಿರಿಯರು ಬಗೆದರು. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯ ಬಾಹುಬಲಿಮೂರ್ತಿ ಶತಮಾನಗಳ ಮಳೆಗಾಳಿಗೆ ಮೈಯೊಡ್ಡಿ ನಿಂತಿದೆ. ಹಳೆಯದಾಯಿತೆಂಬ ಕಾರಣಕ್ಕೆ ಅದರ ಬದಲು ಬೇರೊಂದನ್ನು ಕಡೆಸೋಣವೆಂದು ಯಾರೂ ಹೇಳುವುದಿಲ್ಲ. ಆದರೆ ಬಸದಿಯಿಂದ ಹೊರಬಂದು ಪಕ್ಕದ ಕಚೇರಿಯೊಳಗೆ ಕಾಲಿಟ್ಟೊಡನೆ ನಮ್ಮ ವಿವೇಕದ ದಿಕ್ಕು ಬದಲಾಗುತ್ತದೆ. ಸದ್ದು ಒಡೆದ ಆಂಪ್ಲಿಫೈಯರ್, ಬ್ಯಾಟರಿ ಸೋತ ಯುಪಿಎಸ್, ನಿಧಾನವಾದ ಕಂಪ್ಯೂಟರ್, ಅರ್ಧ ತೆರೆ ಕಪ್ಪಾದ ಟೆಲಿವಿಷನ್ ಮೊದಲಾದವು ಉಗ್ರಾಣದ ಮೂಲೆ ಸೇರುತ್ತವೆ. ದಾನಿಗಳೊಬ್ಬರ ಹೆಸರಿನಲ್ಲಿ ಹೊಸದು ಬರುತ್ತದೆ. ಕಲ್ಲಿಗೆ ಸಲ್ಲುವ ಧರ್ಮ ಯಂತ್ರಕ್ಕೇಕೆ ಸಲ್ಲದು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿಲ್ಲ.

ಈ ಪ್ರಶ್ನೆಯನ್ನು ಇನ್ನು ಮುಂದೂಡಲಾಗದಂತಹ ಸನ್ನಿವೇಶ ಈಗ ಒದಗಿದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅದರ ಉತ್ತರಾಧಿಕಾರಿಯಾದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಸರಿಸುಮಾರು 2017–18ರಿಂದ ಈಚಿನ ಪ್ರೊಸೆಸರನ್ನೂ ಬೇಡುತ್ತದೆ. ಕೀಲಿಮಣೆ ಸರಿಯಿದೆ, ತೆರೆ ಸರಿಯಿದೆ, ಪ್ರಿಂಟರಿಗೆ ಆಜ್ಞೆ ಹೋಗುತ್ತದೆ. ಆದರೂ ಯಂತ್ರ ಹಳೆಯದೆಂದು ಘೋಷಿತವಾಯಿತು. ಹೀಗೆ ಕೆಡದೆಯೇ ಕೆಟ್ಟ ಕಂಪ್ಯೂಟರುಗಳನ್ನು ಏನು ಮಾಡಬೇಕೆಂಬುದು ಇಂದು ಅನೇಕ ಟ್ರಸ್ಟುಗಳ, ಶಾಲೆಗಳ, ಮನೆಗಳ ಮುಂದಿರುವ ಸಮಸ್ಯೆ. ಪ್ರಸ್ತುತ ಲೇಖನವು ಇದನ್ನು ವ್ಯವಹಾರದ ದೃಷ್ಟಿಗಿಂತ ಹೆಚ್ಚಾಗಿ ಶ್ರಾವಕಾಚಾರದ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸುತ್ತದೆ.

ರಿಪೇರಿಯ ವಿದ್ಯೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ಪೇಟೆಗಳು ಸುತ್ತಣ ಹಳ್ಳಿಗಳ ಸಂತೆಗಳು ಹೇಗೋ ಹಾಗೆಯೇ ಅಲ್ಲಿನ ಯಂತ್ರಗಳ ಚಿಕಿತ್ಸಾಲಯಗಳೂ ಹೌದು. ತಂಬಾಕಿನ ಸೀಮೆಯಿಂದಲೋ ಕಾವೇರಿ ಬಯಲಿನ ಭತ್ತದ ಊರಿನಿಂದಲೋ ನಾಗರಹೊಳೆಯ ಕಾಡಂಚಿನಿಂದಲೋ ಬಂದ ರೈತನು ಗೊಬ್ಬರ ಕೊಳ್ಳುವ ದಿನವೇ ಮಿಕ್ಸಿಯನ್ನೂ ಮೊಬೈಲನ್ನೂ ಅಂಗಡಿಗೆ ಕೊಟ್ಟು ಸಂಜೆ ಬಸ್ಸಿಗೆ ಮುನ್ನ ಪಡೆದು ಹೋಗುತ್ತಾನೆ. ಮೈಸೂರು ಸೀಮೆಗೆ ಈ ವಿದ್ಯೆ ಹಳೆಯದು. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಪ್ರಸಾರವನ್ನು ಆರಂಭಿಸಿದರು. ರೇಡಿಯೊ ಊರೂರಿಗೆ ಬಂದಂತೆ ಅದನ್ನು ಬಿಚ್ಚಿ ನೋಡಬಲ್ಲವರೂ ಊರೂರಲ್ಲಿ ಹುಟ್ಟಿಕೊಂಡರು. ಆ ಕಾಲದ ಅನೇಕ ವಾಲ್ವ್ ರೇಡಿಯೊಗಳ ಪೆಟ್ಟಿಗೆಯೊಳಗೆ ಸರ್ಕೀಟ್ ನಕ್ಷೆ ಅಂಟಿಸಿರುತ್ತಿತ್ತು. ತಯಾರಕನು ತನ್ನ ವಸ್ತು ಎಂದಾದರೊಂದು ದಿನ ಕೆಡುವುದೆಂದು ಒಪ್ಪಿ, ಅದನ್ನು ಸರಿಪಡಿಸುವ ಅಪರಿಚಿತನಿಗೆ ಬರೆದಿಟ್ಟ ಕಾಗದವದು.

ಇಂದಿನ ಯಂತ್ರಗಳು ಕೆಡುವ ಬಗೆ ಅಂದಿನಷ್ಟೇ ಸರಳ. ವಿದ್ಯುತ್ತನ್ನು ಹದಗೊಳಿಸುವ ಪವರ್ ಸಪ್ಲೈನೊಳಗಿನ ಕೆಪಾಸಿಟರಿನಲ್ಲಿ ಒಂದು ಬಗೆಯ ದ್ರವವಿರುತ್ತದೆ. ಶಾಖಕ್ಕೆ ಅದು ಆರುತ್ತದೆ, ಕೆಪಾಸಿಟರಿನ ತಲೆ ಉಬ್ಬುತ್ತದೆ, ಯಂತ್ರ ನಿಲ್ಲುತ್ತದೆ. ಕೆಲವೇ ರೂಪಾಯಿಯ ಈ ಬಿಡಿಭಾಗವನ್ನು ಬದಲಿಸಿ ಬೆಸುಗೆ ಹಾಕಿದರೆ ಸಾವಿರಾರು ರೂಪಾಯಿಯ ಯಂತ್ರ ಮತ್ತೆ ಏಳುತ್ತದೆ. ಒಳಗಣ ಶಾಖ ಹತ್ತು ಡಿಗ್ರಿ ಇಳಿದರೆ ಕೆಪಾಸಿಟರಿನ ಆಯುಷ್ಯ ಸರಿಸುಮಾರು ಇಮ್ಮಡಿಯಾಗುತ್ತದೆಂಬುದು ಈ ಕಸುಬಿನಲ್ಲಿ ಬಳಕೆಯಲ್ಲಿರುವ ಲೆಕ್ಕ. ಎಂದರೆ ವರ್ಷಕ್ಕೊಮ್ಮೆ ಫ್ಯಾನಿನ ಧೂಳು ತೆಗೆಯುವುದೇ ಅರ್ಧ ರಿಪೇರಿ.

ಕಷ್ಟವಿರುವುದು ಬೇರೆಡೆ. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಲಾಗುತ್ತದೆ. ಬಿಡಿಭಾಗಗಳು ಹೊರಗೆ ದೊರೆಯವು. ಕೆಲವು ಮೊಬೈಲುಗಳಲ್ಲಿ ಒಂದರ ತೆರೆಯನ್ನು ಅದೇ ಮಾದರಿಯ ಇನ್ನೊಂದಕ್ಕೆ ಜೋಡಿಸಿದರೂ ಒಳಗಿನ ತಂತ್ರಾಂಶ ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ನಕ್ಷೆಯಂತೂ ಇಲ್ಲವೇ ಇಲ್ಲ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕಿ’ನ ಚೌಕಟ್ಟು ರೂಪಿಸಲು ಸಮಿತಿಯೊಂದನ್ನು ನೇಮಿಸಿತು, 2025ರ ಮೇ ತಿಂಗಳಲ್ಲಿ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳಿಗೆ ‘ರಿಪೇರಿ ಸೂಚ್ಯಂಕ’ ನೀಡುವ ಬಗ್ಗೆ ಇನ್ನೊಂದು ಸಮಿತಿ ವರದಿ ಸಲ್ಲಿಸಿತು. ಫ್ರಾನ್ಸ್ ದೇಶವು 2021ರಿಂದಲೇ ಇಂತಹ ಸೂಚ್ಯಂಕವನ್ನು ಜಾರಿಗೆ ತಂದಿದೆ. ಇವು ಸ್ವಾಗತಾರ್ಹ. ಆದರೆ ಕಾನೂನು ಕೊಡಬಲ್ಲದ್ದು ಹಕ್ಕನ್ನು ಮಾತ್ರ. ರಿಪೇರಿ ಮಾಡುವ ಕೈಗಳೂ ಮಾಡಿಸಬೇಕೆಂಬ ಮನಸ್ಸೂ ಸಮಾಜದಿಂದಲೇ ಬರಬೇಕು.

ಅನರ್ಥದಂಡ

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು: ಯಾವ ಪ್ರಯೋಜನವೂ ಇಲ್ಲದೆ ಎಸಗುವ ಹಿಂಸೆಯಿಂದ ಹಿಂದೆಗೆಯುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತದೆ. ಅವುಗಳಲ್ಲಿ ಪ್ರಮಾದಚರ್ಯೆಯೆಂದರೆ ನೆಲ, ನೀರು, ಬೆಂಕಿ, ಗಾಳಿ, ಸಸ್ಯಗಳನ್ನು ನಿಷ್ಫಲವಾಗಿ ಹಿಂಸಿಸುವುದು. ಗೃಹಸ್ಥನಿಗೆ ಆರಂಭಹಿಂಸೆ ಪೂರ್ತಿ ತಪ್ಪದೆಂದು ಆಚಾರ್ಯರಿಗೆ ಗೊತ್ತಿತ್ತು. ಆದ್ದರಿಂದಲೇ ತಪ್ಪಿಸಬಹುದಾದ ಹಿಂಸೆಗೆ ಬೇರೊಂದು ಹೆಸರಿಟ್ಟು ಎಚ್ಚರಿಸಿದರು.

ಈ ವ್ರತವನ್ನು ನಾವು ನೀರನ್ನು ಸೋಸುವುದಕ್ಕೂ ಎಲೆ ಕೀಳದಿರುವುದಕ್ಕೂ ಸೀಮಿತಗೊಳಿಸಿಕೊಂಡಿದ್ದೇವೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಹೊರತಂದ ಗಣನೆಯ ಪ್ರಕಾರ 2022ನೇ ವರ್ಷವೊಂದರಲ್ಲೇ ಜಗತ್ತು 6.2 ಕೋಟಿ ಟನ್ ಎಲೆಕ್ಟ್ರಾನಿಕ್ ತ್ಯಾಜ್ಯ ಹೊರಹಾಕಿತು. ಅದರಲ್ಲಿ ವಿಧಿವತ್ತಾಗಿ ಸಂಗ್ರಹಿಸಿ ಮರುಬಳಕೆಗೆ ಹೋದುದಾಗಿ ದಾಖಲಾದದ್ದು ಶೇಕಡಾ 22.3 ಮಾತ್ರ. ಉಳಿದುದರಲ್ಲಿ ಬಹುಪಾಲು ಎಲ್ಲಿಗೆ ಹೋಗುತ್ತದೆಂಬುದನ್ನು ಗುಜರಿಯ ಹಿತ್ತಲಿನಲ್ಲಿ ನೋಡಬಹುದು. ತಾಮ್ರಕ್ಕಾಗಿ ತಂತಿಯನ್ನು ಬೆಂಕಿಗೆ ಒಡ್ಡುತ್ತಾರೆ, ಹೊಗೆಯನ್ನು ಬಡ ಕೂಲಿಯವರ ಮಕ್ಕಳು ಕುಡಿಯುತ್ತಾರೆ, ಸೀಸ ನೆಲಕ್ಕಿಳಿಯುತ್ತದೆ. ಸೂಕ್ಷ್ಮಜೀವಿಗೂ ನೋವಾಗದಿರಲೆಂದು ರಾತ್ರಿಭೋಜನ ತ್ಯಜಿಸಿದ ಮನೆಯಿಂದ ಹೊರಟ ಹಳೆಯ ಟೆಲಿವಿಷನ್ ಹೀಗೆ ಪಂಚೇಂದ್ರಿಯ ಜೀವದ ಶ್ವಾಸಕೋಶವನ್ನು ಸುಟ್ಟರೆ ಅದರ ಲೆಕ್ಕ ಯಾರದು?

ಟ್ರಸ್ಟುಗಳ ವಿಷಯದಲ್ಲಿ ಇದಕ್ಕೊಂದು ಮುಖ ಹೆಚ್ಚು. ಬಸದಿಯ ಹಣ ದೇವದ್ರವ್ಯ. ಅದನ್ನು ವ್ಯಯಿಸುವಾಗ ಒಬ್ಬ ಗೃಹಸ್ಥನಿಗಿಂತ ಇಮ್ಮಡಿ ಎಚ್ಚರ ಬೇಕು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಒಂದಿಷ್ಟು ರ್‍ಯಾಮ್ ಸೇರಿಸಿದರೆ ಲೆಕ್ಕಪತ್ರಕ್ಕೂ ಪತ್ರವ್ಯವಹಾರಕ್ಕೂ ವರ್ಷಗಟ್ಟಲೆ ಸಾಕಾಗುವ ಕಂಪ್ಯೂಟರನ್ನು ಬಿಸುಟು ಹೊಸದನ್ನು ತರುವುದು ಉದಾರತೆಯಲ್ಲ; ಅದು ಪ್ರಮಾದ.

ಅಚೌರ್ಯವೂ ಶಾಸ್ತ್ರದಾನವೂ

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಆಡಬೇಕಾಗಿದೆ. ನಮ್ಮ ಎಷ್ಟು ಕಚೇರಿಗಳಲ್ಲಿ, ಎಷ್ಟು ಮನೆಗಳಲ್ಲಿ ಬಳಕೆಯಾಗುವ ತಂತ್ರಾಂಶ ಹಣ ಕೊಟ್ಟು ಕೊಂಡದ್ದು? ಕಂಪ್ಯೂಟರ್ ಜೋಡಿಸಿಕೊಟ್ಟವರು ‘ಹಾಕಿಕೊಟ್ಟ’ ನಕಲಿ ಪ್ರತಿಯನ್ನು ನಾವು ಕೇಳದೆಯೇ ಸ್ವೀಕರಿಸಿದ್ದೇವೆ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕದ್ದು ತಂದುದನ್ನು ಸ್ವೀಕರಿಸುವ ತದಾಹೃತಾದಾನವನ್ನೂ ನಕಲಿಯಿಂದ ವ್ಯವಹರಿಸುವ ಪ್ರತಿರೂಪಕ ವ್ಯವಹಾರವನ್ನೂ ಹೆಸರಿಸುತ್ತದೆ. ‘ಎಲ್ಲರೂ ಹಾಗೆಯೇ ಮಾಡುತ್ತಾರೆ’ ಎಂಬುದನ್ನು ಯಾವ ಶ್ರಾವಕಾಚಾರವೂ ಪ್ರಾಯಶ್ಚಿತ್ತವೆಂದು ಹೇಳಿಲ್ಲ.

ಇದಕ್ಕೆ ಪರಿಹಾರವಾಗಿ ದೊರೆಯುವುದು ಮುಕ್ತ ತಂತ್ರಾಂಶ. ಅದರ ಹುಟ್ಟೂ ಒಂದು ರಿಪೇರಿಯ ಪ್ರಸಂಗದೊಡನೆ ಬೆಸೆದಿದೆಯೆಂಬುದು ಗಮನಾರ್ಹ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಸಂಸ್ಥೆಯ ಪ್ರಯೋಗಾಲಯದಲ್ಲಿ ಕಾಗದ ಸಿಕ್ಕಿಕೊಂಡು ನಿಲ್ಲುತ್ತಿದ್ದ ಒಂದು ಪ್ರಿಂಟರ್ ಇತ್ತು. ಅದು ನಿಂತಾಗ ಎಲ್ಲರಿಗೂ ಸೂಚನೆ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದಲು ರಿಚರ್ಡ್ ಸ್ಟಾಲ್‌ಮನ್ ಬಯಸಿದರು. ಸೋರ್ಸ್ ಕೋಡ್ ಎಂದು ಕರೆಯುವ ಮೂಲಪಾಠವನ್ನು ಅವರಿಗೆ ಕೊಡಲಿಲ್ಲ. ಬಳಸುವವನಿಗೆ ಓದುವ, ತಿದ್ದುವ, ಹಂಚುವ ಅಧಿಕಾರವಿರಬೇಕೆಂಬ ನಿಶ್ಚಯದಿಂದ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ರೇಡಿಯೊ ಪೆಟ್ಟಿಗೆಯೊಳಗೆ ಅಂಟಿಸಿದ ನಕ್ಷೆ ಯಾವುದೋ, ತಂತ್ರಾಂಶಕ್ಕೆ ಮೂಲಪಾಠ ಅದೇ.

ಜೈನರಿಗೆ ಈ ವಿಚಾರ ಪರಕೀಯವಾಗಬೇಕಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಮ್ಮ ಮಕ್ಕಳಿಗೂ ತಿಳಿದಿರುವ ಸಂಗತಿ. ಶಾಸ್ತ್ರದಾನದ ತಿರುಳಿರುವುದು ಇಲ್ಲೇ: ಪಡೆದವನು ಮತ್ತೆ ಪ್ರತಿ ಮಾಡಬಹುದು. ಇದರ ಇನ್ನೊಂದು ಮುಖವನ್ನು ಮೂಡುಬಿದಿರೆಯಲ್ಲಿ ಕಾಣುತ್ತೇವೆ. ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಯೋಲೆಗಳು ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ದೊರೆಯುತ್ತಿದ್ದವೇ ಹೊರತು ಅಧ್ಯಯನಕ್ಕಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, ಭಿನ್ನಾಭಿಪ್ರಾಯಗಳ ನಡುವೆಯೇ ಪ್ರತಿಗಳು ಹೊರಬಂದು, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಓಲೆಗಳನ್ನು ಭದ್ರವಾಗಿಟ್ಟವರ ಭಕ್ತಿಯಿಲ್ಲದೆ ಗ್ರಂಥ ಉಳಿಯುತ್ತಿರಲಿಲ್ಲ; ಪ್ರತಿ ಮಾಡಿದವರ ಶ್ರಮವಿಲ್ಲದೆ ಅದು ಓದುಗನಿಗೆ ದಕ್ಕುತ್ತಿರಲಿಲ್ಲ.

ಕಲಶ ಒಡೆದಾಗ

ಹಾಗೆಂದು ಮುಕ್ತ ತಂತ್ರಾಂಶದ ಲೋಕ ನಿಷ್ಕಲಹವಾದುದೆಂದು ಭಾವಿಸಲಾಗದು. ಬಳಕೆದಾರನ ಕಣ್ಣ ಮುಂದಿರುವ ಡೆಸ್ಕ್‌ಟಾಪ್, ಎಂದರೆ ಮೆನು, ಕಿಟಕಿ, ಪಟ್ಟಿಗಳ ವಿನ್ಯಾಸ, ಬದಲಾದಾಗಲೆಲ್ಲ ಅಲ್ಲಿ ತೀವ್ರ ವಿವಾದಗಳು ನಡೆದಿವೆ. 2008ರ ಜನವರಿಯಲ್ಲಿ ಕೆಡಿಇ ಡೆಸ್ಕ್‌ಟಾಪಿನ ನಾಲ್ಕನೆಯ ಆವೃತ್ತಿ ಹೊರಬಂದಾಗ ಅದು ಇನ್ನೂ ಪಕ್ವವಾಗಿರಲಿಲ್ಲ. ಹಳೆಯದನ್ನೇ ಬಯಸಿದವರು ಟ್ರಿನಿಟಿ ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಿದರು. 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂತು. ಬಳಕೆದಾರರಿಗೆ ಒಂಬತ್ತು ವರ್ಷಗಳಿಂದ ಅಭ್ಯಾಸವಾಗಿದ್ದ ಗ್ನೋಮ್ 2ರ ವಿನ್ಯಾಸವನ್ನು ಅದು ಬಹುತೇಕ ಕೈಬಿಟ್ಟಿತು. ಲಿನಕ್ಸಿನ ಜನಕನಾದ ಲೈನಸ್ ಟೊರ್ವಾಲ್ಡ್ಸ್ ಬಹಿರಂಗವಾಗಿ ಆಕ್ಷೇಪಿಸಿ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪಿಗೆ ತೆರಳಿದರು. ಅರ್ಜೆಂಟೀನದ ಬಳಕೆದಾರರೊಬ್ಬರು ಹಳೆಯ ಮೂಲಪಾಠವನ್ನೇ ಎತ್ತಿಕೊಂಡು ಮಾಟೆ ಎಂಬ ಶಾಖೆಯನ್ನು ಆರಂಭಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. 2025ರಲ್ಲಿ ಮತ್ತೊಂದು ಸುತ್ತು. 1987ರಿಂದ ಬಂದ ಎಕ್ಸ್ 11 ಎಂಬ ಚಿತ್ರವ್ಯವಸ್ಥೆಯ ಅಧಿವೇಶನವನ್ನು ಗ್ನೋಮ್ 49 ತಾನಾಗಿ ಲಭ್ಯವಾಗದಂತೆ ಮಾಡಿ ವೇಲ್ಯಾಂಡಿನತ್ತ ಸರಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ 13, ಹಳೆಯ 32 ಬಿಟ್ ಕಂಪ್ಯೂಟರುಗಳಿಗೆ ಪ್ರತ್ಯೇಕ ಸ್ಥಾಪನಾ ವ್ಯವಸ್ಥೆ ಒದಗಿಸುವುದನ್ನು ನಿಲ್ಲಿಸಿತು.

ಈ ವಿವಾದಗಳನ್ನು ಅಳೆಯಲು ಆಪ್ತಮೀಮಾಂಸೆಯ ಒಂದು ಪ್ರಸಿದ್ಧ ದೃಷ್ಟಾಂತಕ್ಕಿಂತ ಒಳ್ಳೆಯ ಅಳತೆಗೋಲು ದೊರೆಯದು. ಹೊನ್ನಿನ ಕಲಶವನ್ನು ಕರಗಿಸಿ ಕಿರೀಟ ಮಾಡಿದಾಗ ಕಲಶ ಬಯಸಿದವನು ದುಃಖಿಸುತ್ತಾನೆ, ಕಿರೀಟ ಬಯಸಿದವನು ಹರ್ಷಿಸುತ್ತಾನೆ, ಹೊನ್ನು ಬಯಸಿದವನು ಸಮಭಾವದಲ್ಲಿರುತ್ತಾನೆ. ಉತ್ಪಾದ, ವ್ಯಯ, ಧ್ರೌವ್ಯಗಳು ಏಕಕಾಲದಲ್ಲಿ ಒಂದೇ ದ್ರವ್ಯದಲ್ಲಿ ಇವೆಯೆಂಬುದನ್ನು ತೋರಲು ಸಮಂತಭದ್ರರು ಈ ಮೂವರನ್ನು ತಂದರು. ಹೊಸ ವಿನ್ಯಾಸಕಾರನು ಕಿರೀಟಾರ್ಥಿ. ಹಳೆಯ ಬಳಕೆದಾರನು ಕಲಶಾರ್ಥಿ. ಇಬ್ಬರ ಭಾವವೂ ನಿಜವಾದದ್ದೇ. ಇಬ್ಬರೂ ಮರೆಯುವುದು ಹೊನ್ನನ್ನು, ಎಂದರೆ ಎಲ್ಲರಿಗೂ ತೆರೆದಿರುವ ಆ ಮೂಲಪಾಠವನ್ನು.

ಆದರೆ ದೃಷ್ಟಾಂತವನ್ನು ಇಲ್ಲಿಗೇ ಬಿಟ್ಟರೆ ವಿಮರ್ಶೆ ಅರ್ಧಕ್ಕೆ ನಿಲ್ಲುತ್ತದೆ. ಅಕ್ಕಸಾಲೆಯ ಹೊನ್ನು ಒಂದೇ. ಕಿರೀಟವಾಗಬೇಕಾದರೆ ಕಲಶ ಕರಗಲೇಬೇಕು. ತಂತ್ರಾಂಶದ ಹೊನ್ನು ಪ್ರತಿ ಮಾಡಿದಷ್ಟೂ ಸವೆಯದು. ಕಲಶವನ್ನು ಉಳಿಸಿಕೊಂಡೇ ಕಿರೀಟ ಮಾಡಬಹುದು; ಮಾಟೆ, ಟ್ರಿನಿಟಿಗಳು ತೋರಿಸಿದ್ದು ಇದನ್ನೇ. ಹಾಗಿದ್ದೂ ಕಲಶಗಳೇಕೆ ಕಣ್ಮರೆಯಾಗುತ್ತವೆ? ಅವನ್ನು ದಿನದಿನವೂ ಬೆಳಗುವ ಕೈಗಳಿಲ್ಲದುದರಿಂದ. ಎಕ್ಸ್ 11 ಕೈಬಿಟ್ಟದ್ದಕ್ಕೂ 32 ಬಿಟ್ ಕೈಬಿಟ್ಟದ್ದಕ್ಕೂ ಒಂದು ಮುಖ್ಯ ಕಾರಣ ಹಳೆಯದನ್ನು ಪರೀಕ್ಷಿಸಿ, ತಿದ್ದಿ, ಸುರಕ್ಷಿತವಾಗಿಡುವವರ ಸಂಖ್ಯೆ ಇಳಿದದ್ದು. ಮುಕ್ತ ತಂತ್ರಾಂಶದಲ್ಲಿ ಕೊರತೆಯಿರುವುದು ಹೊನ್ನಿಗಲ್ಲ, ಸೇವೆಗೆ.

ಇಲ್ಲಿಯೇ ಎರಡು ವಿಷಯಗಳೂ ಒಂದನ್ನೊಂದು ಸಂಧಿಸುತ್ತವೆ. ತಂತ್ರಾಂಶ ಮುಂದೆ ಹೋಗಿ ಯಂತ್ರವನ್ನು ಹಿಂದೆ ಬಿಟ್ಟಾಗ ತಂತ್ರಾಂಶಕ್ಕೆ ನಷ್ಟವಿಲ್ಲ. ನೆಲದಿಂದ ಅಗೆದು ತೆಗೆದ ತಾಮ್ರ, ತವರ, ಹೊನ್ನುಗಳ ಆ ಯಂತ್ರ ತ್ಯಾಜ್ಯವಾಗುತ್ತದೆ. ಬದಲಾವಣೆಯ ಫಲ ಒಬ್ಬನಿಗೆ, ಅದರ ಹಿಂಸೆ ಮತ್ತೊಬ್ಬನಿಗೆ.

ಅನೇಕಾಂತದ ಅಗ್ಗದ ಬಳಕೆ

ಇಂತಹ ವಿವಾದಗಳು ಬಂದಾಗ ನಮ್ಮ ಸಭೆಗಳಲ್ಲಿ ಒಂದು ಸುಲಭದ ಮಾತು ಕೇಳಿಬರುತ್ತದೆ: ‘ಅನೇಕಾಂತದ ಪ್ರಕಾರ ಎಲ್ಲರೂ ಸರಿ.’ ಅನೇಕಾಂತಕ್ಕೆ ಇದಕ್ಕಿಂತ ದೊಡ್ಡ ಅಪಚಾರ ಮತ್ತೊಂದಿಲ್ಲ. ನಯವೊಂದು ತನ್ನ ಮಿತಿಯನ್ನರಿತು ಇತರ ನಯಗಳನ್ನು ಅಪೇಕ್ಷಿಸಿದಾಗ ಮಾತ್ರ ಸಮ್ಯಕ್ಕಾಗುತ್ತದೆ; ನಿರಪೇಕ್ಷವಾದಾಗ ಮಿಥ್ಯೆಯಾಗುತ್ತದೆ. ಅನೇಕಾಂತವೆಂಬುದು ತೀರ್ಪನ್ನು ತಪ್ಪಿಸಿಕೊಳ್ಳುವ ಬಾಗಿಲಲ್ಲ. ಪ್ರತಿಯೊಬ್ಬನನ್ನೂ ಅವನ ಮಿತಿಯಲ್ಲಿ ನಿಲ್ಲಿಸುವ ಶಿಸ್ತು.

ಆ ಶಿಸ್ತಿನಿಂದ ನೋಡಿದರೆ ಮೂರೂ ಪಕ್ಷಗಳಲ್ಲಿ ದೋಷ ಕಾಣುತ್ತದೆ. ‘ನಾವು ಉಚಿತವಾಗಿ ದುಡಿಯುತ್ತೇವೆ, ಬೇಡವಾದರೆ ಬಳಸಬೇಡಿ’ ಎನ್ನುವ ತಂತ್ರಾಂಶಕಾರನ ಮಾತು ಕಾನೂನಿನ ದೃಷ್ಟಿಯಲ್ಲಿ ಸರಿ. ಆದರೆ ಒಂದು ಸಮುದಾಯ ವರ್ಷಗಟ್ಟಲೆ ತನ್ನ ಕೆಲಸವನ್ನು ನಿಮ್ಮ ಮೇಲೆ ನಿಲ್ಲಿಸಿಕೊಂಡಾಗ ಹೊಣೆಯೂ ಹುಟ್ಟುತ್ತದೆ. ಮುಂಚಿತ ಸೂಚನೆ ಕೊಡುವುದು, ಹಳೆಯದು ಕೆಲಕಾಲ ಜೊತೆಗೆ ನಡೆಯುವಂತೆ ನೋಡಿಕೊಳ್ಳುವುದು ಆ ಹೊಣೆಯ ಅಂಗ. ಡೆಬಿಯನ್ 12ರ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇರುವುದು ಇದಕ್ಕೊಂದು ಒಳ್ಳೆಯ ಮಾದರಿ. ‘ನನ್ನ ಅಭ್ಯಾಸವನ್ನೇಕೆ ಕೆಡಿಸಿದಿರಿ’ ಎಂದು ಕೆರಳುವ ಬಳಕೆದಾರನ ನೋವು ನಿಜ. ಆದರೆ ಒಂದು ದೋಷವನ್ನೂ ವರದಿ ಮಾಡದೆ, ಒಂದು ರೂಪಾಯಿಯನ್ನೂ ಕೊಡದೆ ನಿಂದೆಯನ್ನು ಮಾತ್ರ ಸುರಿಸುವುದು ಕಷಾಯವಲ್ಲದೆ ಬೇರೇನು? ಇನ್ನು ಯಂತ್ರದ ತಯಾರಕ. ಅವನು ಹಣ ಪಡೆದಿದ್ದಾನೆ, ಮೂಲಪಾಠವನ್ನು ಮುಚ್ಚಿಟ್ಟಿದ್ದಾನೆ, ಬೆಂಬಲವನ್ನೂ ನಿಲ್ಲಿಸುತ್ತಾನೆ. ಅಲ್ಲಿ ಕಲಶವೂ ಇಲ್ಲ, ಕಿರೀಟ ಮಾಡಿಕೊಳ್ಳಲು ಹೊನ್ನೂ ಇಲ್ಲ. ಮೂವರೂ ಸಮಾನ ದೋಷಿಗಳೆಂದರೆ ಅದು ಅನ್ಯಾಯ.

ನಮ್ಮ ಅಕ್ಷರಗಳ ಧ್ರೌವ್ಯ

ಯಾವುದು ಬದಲಾಗಬಹುದು, ಯಾವುದು ಬದಲಾಗಬಾರದು ಎಂಬ ವಿವೇಕಕ್ಕೆ ಕನ್ನಡದ್ದೇ ಒಂದು ನಿದರ್ಶನವಿದೆ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಕನ್ನಡ ಅಕ್ಷರಜೋಡಣೆಗೆ ಹಲವು ತಂತ್ರಾಂಶಗಳು ಬಂದವು. ಒಂದರ ಸಂಕೇತ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಆ ಕಾಲದಲ್ಲಿ ಸಿದ್ಧಪಡಿಸಿದ ಸ್ಮರಣಸಂಚಿಕೆಯ ಕಡತವನ್ನು ಇಂದು ತೆರೆದರೆ, ಅಂದಿನ ಅಕ್ಷರವಿನ್ಯಾಸದ ಫಾಂಟ್ ಇಲ್ಲದಿದ್ದಲ್ಲಿ, ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಓಲೆ ಹುಳು ತಿಂದಂತೆಯೇ ಇದೂ. ಯೂನಿಕೋಡ್ ಬಂದ ಮೇಲೆ ಅಕ್ಷರಕ್ಕೊಂದು ಸ್ಥಿರವಾದ ಸಂಖ್ಯೆ ದೊರೆಯಿತು. ಇನ್ನೊಂದೆಡೆ ಕೆ.ಪಿ. ರಾವ್ ಅವರು ತಾವು ರೂಪಿಸಿದ ಧ್ವನಿಮೂಲ ಕೀಲಿಮಣೆ ವಿನ್ಯಾಸಕ್ಕೆ ಒಡೆತನದ ಬೇಲಿ ಹಾಕಲಿಲ್ಲ. ಆದ್ದರಿಂದಲೇ ಅದು ಹಲವು ತಂತ್ರಾಂಶಗಳಲ್ಲಿ ನೆಲೆಗೊಂಡಿತು, ತಂತ್ರಾಂಶ ಬದಲಾದರೂ ಬೆರಳಿನ ಅಭ್ಯಾಸ ಉಳಿಯಿತು. ಮೇಲಿನ ರೂಪ ಬದಲಾಗಲಿ. ಒಳಗಿನ ಬರಹವೂ ಬರೆಯುವವನ ಸ್ವಾತಂತ್ರ್ಯವೂ ಧ್ರುವವಾಗಿರಲಿ.

ವೈಯಾವೃತ್ಯವೆಂಬ ಕರ್ತವ್ಯ

ಟ್ರಸ್ಟುಗಳು ಏನು ಮಾಡಬಹುದು? ಮೊದಲಿಗೆ, ಹೊಸ ಯಂತ್ರ ಕೊಳ್ಳುವ ನಿರ್ಣಯಕ್ಕೆ ಮುನ್ನ ಊರಿನ ರಿಪೇರಿಯವರಿಂದ ಹಳೆಯದರ ದೋಷವೇನೆಂದು ಬರಹದಲ್ಲಿ ಪಡೆಯುವ ನಿಯಮ ಮಾಡಬಹುದು. ಹದಿನೈದು ವರ್ಷದೊಳಗಿನ ಕಂಪ್ಯೂಟರುಗಳಲ್ಲಿ ಹೆಚ್ಚಿನವು 64 ಬಿಟ್ಟಿನವೇ. ಮಾಟೆ ಅಥವಾ ಎಕ್ಸ್‌ಎಫ್‌ಸಿಇ ಇರುವ ಲಿನಕ್ಸ್ ಅವುಗಳಲ್ಲಿ ಚೆನ್ನಾಗಿ ನಡೆಯುತ್ತದೆ. ನಕಲಿ ತಂತ್ರಾಂಶವನ್ನು ತೆಗೆದುಹಾಕಿ, ಬರಹವೆಲ್ಲವನ್ನೂ ಯೂನಿಕೋಡಿಗೆ ತಂದು, ಪ್ರತಿಯೊಂದನ್ನು ಬೇರೆಡೆ ಇಡಬೇಕು. ದುರಸ್ತಿಯ ಬಾಬತ್ತಿಗೆ ವಾರ್ಷಿಕ ಆಯವ್ಯಯದಲ್ಲಿ ಒಂದು ಸಾಲು ಇರಬೇಕು. ಬಳಸುವ ಮುಕ್ತ ತಂತ್ರಾಂಶವನ್ನು ಕಾಯುವವರಿಗೆ ಸಲ್ಲುವ ಕಾಣಿಕೆಯೂ ಅದರಲ್ಲಿ ಸೇರಲಿ. ಯಾವುದು ನಿಜವಾಗಿ ಉಳಿಯದೋ, ಬೆಂಬಲವಿಲ್ಲದೆ ದಾನಿಗಳ ವಿವರವನ್ನು ಅಪಾಯಕ್ಕೊಡ್ಡುವುದೋ, ವಿದ್ಯುತ್ತನ್ನು ಮಿತಿಮೀರಿ ನುಂಗುವುದೋ ಅದನ್ನು ಹಟದಿಂದ ಹಿಡಿದಿಡುವುದೂ ಪರಿಗ್ರಹವೇ. ಒಳಗಿನ ಮಾಹಿತಿಯನ್ನು ಅಳಿಸಿ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸತಕ್ಕದ್ದು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಅದಕ್ಕೆ ದಾರಿ ಮಾಡಿವೆ.

‘ಹೊಸದರ ಬೆಲೆಗೆ ಹತ್ತಿರ ರಿಪೇರಿಗೇ ಆಗುತ್ತದಲ್ಲ’ ಎಂಬ ಆಕ್ಷೇಪ ಬರಬಹುದು. ಕೆಲವೊಮ್ಮೆ ಅದು ನಿಜ. ಆದರೆ ಹೊಸದರ ಬೆಲೆಯಲ್ಲಿ ಗಣಿಯ ಗಾಯವೂ ಗುಜರಿಯ ಹೊಗೆಯೂ ಸೇರಿರುವುದಿಲ್ಲ. ರಿಪೇರಿಗೆ ಕೊಟ್ಟ ಹಣ ನಮ್ಮ ತಾಲ್ಲೂಕಿನ ಒಬ್ಬ ಕುಶಲಿಯ ಮನೆ ಸೇರುತ್ತದೆ. ರತ್ನಕರಂಡಕವು ವೈಯಾವೃತ್ಯವನ್ನು ವಿವರಿಸುವಾಗ ಆಹಾರ, ಔಷಧ, ಆವಾಸಗಳೊಡನೆ ಉಪಕರಣದಾನವನ್ನೂ ಹೇಳುತ್ತದೆ. ಅಲ್ಲಿ ಉದ್ದೇಶಿತವಾದದ್ದು ತ್ಯಾಗಿಗಳ ಉಪಕರಣಗಳೇ ಆದರೂ, ಉಪಕರಣವನ್ನು ಕೊಡುವುದರಷ್ಟೇ ಅದನ್ನು ಕೆಲಸಕ್ಕೆ ಬರುವಂತೆ ಇರಿಸುವುದೂ ಸೇವೆಯೆಂದು ನಾವು ಅರ್ಥ ವಿಸ್ತರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಹೊಸ ಕಂಪ್ಯೂಟರಿನ ಮೇಲೆ ದಾನಿಯ ಹೆಸರು ಬರೆಯಿಸುವ ನಾವು, ಹಳೆಯದನ್ನು ಹತ್ತು ವರ್ಷ ನಡೆಸಿಕೊಟ್ಟವನ ಹೆಸರನ್ನು ಯಾವ ಫಲಕದ ಮೇಲೂ ಬರೆದಿಲ್ಲ. ಮುಂದಿನ ಸಮಿತಿ ಸಭೆಯಲ್ಲಿ ಹೊಸ ಯಂತ್ರಗಳ ದರಪಟ್ಟಿ ಮಂಡನೆಯಾಗುವ ಮುನ್ನ ಉಗ್ರಾಣದ ಬಾಗಿಲು ತೆರೆದು, ಅಲ್ಲಿರುವುದರಲ್ಲಿ ಕೆಟ್ಟದ್ದು ಯಾವುದು, ಕೈಬಿಟ್ಟದ್ದು ಯಾವುದು ಎಂದು ಸದಸ್ಯರು ಒಮ್ಮೆ ನೋಡಿ ಬರಲಿ.